ಬೋನಸ್ ಬಂದ ತಿಂಗಳು ಟಿಡಿಎಸ್ ಅಷ್ಟೊಂದು ಯಾಕೆ? ಪೇರೋಲ್ ಲೆಕ್ಕವನ್ನು ನೀವೇ ಹಾಕಿ ನೋಡುವ ಸಮಗ್ರ ಮಾರ್ಗದರ್ಶಿ

ನಾನು ಪೇರೋಲ್ (ಸಂಬಳದ ಲೆಕ್ಕ ನೋಡುವ) ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ದೀಪಾವಳಿ ಬೋನಸ್ ಖಾತೆಗೆ ಬಿದ್ದ ಮರುದಿನವೇ ಮೇಲ್‌ಗಳು ಶುರುವಾಗುತ್ತವೆ. "ಬೋನಸ್ ಮೇಲೆ 30% ಹಿಡಿದಿದ್ದೀರಾ?" ಇನ್‌ಕ್ರಿಮೆಂಟ್ ತಿಂಗಳಲ್ಲೂ ಇದೇ ಪ್ರಶ್ನೆ. "ಸಂಬಳ 12,500 ಏರಿತು, ಕೈಗೆ 8,825 ಮಾತ್ರ ಜಾಸ್ತಿ ಬರ್ತಿದೆ, ಉಳಿದದ್ದು ಎಲ್ಲಿ ಹೋಯಿತು?" ಕೇಳುವವರೆಲ್ಲ ಲೆಕ್ಕ ಬಲ್ಲವರೇ. ಆದರೂ ಎಲ್ಲರೂ ಒಂದೇ ಜಾಗದಲ್ಲಿ ಎಡವುತ್ತಾರೆ. ಬೋನಸ್ ಒಂದನ್ನೇ ಕೈಗೆತ್ತಿಕೊಂಡು, ಅದಕ್ಕೊಂದು ಶೇಕಡಾ ಹಚ್ಚಿ, ಬಂದ ಮೊತ್ತವನ್ನು ಪೇಸ್ಲಿಪ್ ಪಕ್ಕ ಇಟ್ಟು ನೋಡುತ್ತಾರೆ. ಹಾಗೆ ಮಾಡಿದರೆ ತಾಳೆ ಆಗುವುದಿಲ್ಲ.

ಟಿಡಿಎಸ್ ಅಂದರೆ ಸಂಬಳ ಕೊಡುವಾಗಲೇ ಕಂಪನಿ ಹಿಡಿದುಕೊಳ್ಳುವ ಆದಾಯ ತೆರಿಗೆ. ಭಾರತದಲ್ಲಿ ಬೋನಸ್‌ಗೆ ಅಂತ ಬೇರೆ ಟಿಡಿಎಸ್ ದರ ಇಲ್ಲ. ಅಮೆರಿಕದಲ್ಲಿರುವ ಅಣ್ಣನೋ ಗೆಳತಿಯೋ "ಬೋನಸ್‌ಗೆ ಫ್ಲಾಟ್ 22%" ಅಂದಿರಬಹುದು. ಅದು ಅಲ್ಲಿನ ಫೆಡರಲ್ ತೆರಿಗೆ ಹಿಡಿಯುವ ಒಂದು ರೀತಿ, ಇಲ್ಲಿಗೆ ಸಂಬಂಧ ಇಲ್ಲ. ಇಲ್ಲಿ ಸಾಫ್ಟ್‌ವೇರ್ ಪ್ರತಿ ತಿಂಗಳೂ ಇಡೀ ವರ್ಷದ ಲೆಕ್ಕವನ್ನು ಮೊದಲಿನಿಂದ ಹಾಕುತ್ತದೆ, ಇಲ್ಲಿಯವರೆಗೆ ಹಿಡಿದದ್ದನ್ನು ಕಳೆಯುತ್ತದೆ, ಮಿಕ್ಕಿದ್ದನ್ನು ಮಿಕ್ಕ ತಿಂಗಳುಗಳಿಗೆ ಹಂಚುತ್ತದೆ. ನೀವೂ ಅದೇ ಕ್ರಮದಲ್ಲಿ ಹೋದರೆ ಉತ್ತರ ರೂಪಾಯಿ ಲೆಕ್ಕದಲ್ಲಿ ಸಿಗುತ್ತದೆ. ಕ್ರಮ ತಪ್ಪಿಸಬೇಡಿ.

ಇಲ್ಲಿರುವ ಅಂಕಿಗಳೆಲ್ಲ 2025-26ರ ಹಣಕಾಸು ವರ್ಷದವು, ಹೊಸ ತೆರಿಗೆ ಪದ್ಧತಿಯವು (ಹಳೇ ಪದ್ಧತಿಗಿಂತ ದರ ಕಮ್ಮಿ, ವಿನಾಯಿತಿಗಳೂ ಕಮ್ಮಿ). 2026ರ ಏಪ್ರಿಲ್ 1ರಿಂದ ಆದಾಯ ತೆರಿಗೆಯ ಹೊಸ ಕಾಯ್ದೆ ಜಾರಿ, ಸೆಕ್ಷನ್ ಮತ್ತು ಫಾರ್ಮ್ ನಂಬರ್‌ಗಳು ಬೇರೆ; ಇಲ್ಲಿರುವ ನಂಬರ್‌ಗಳು ಹಳೇ ಕಾಯ್ದೆಯವು. ಆದರೆ ವರ್ಷದ ಅಂದಾಜು ಹಾಕಿ ಸರಾಸರಿ ಹಿಡಿಯುವ ರೀತಿ ಹಾಗೇ ಉಳಿದಿದೆ.

## ಹಂತ 1: ಮೊದಲು ಕಾಗದ ಒಟ್ಟು ಮಾಡಿ

ಬೇಕಾದದ್ದು ನಾಲ್ಕು. ಬೋನಸ್‌ಗಿಂತ ಹಿಂದಿನ ತಿಂಗಳ ಪೇಸ್ಲಿಪ್. ಬೋನಸ್ ತಿಂಗಳ ಪೇಸ್ಲಿಪ್. ಹೈಕ್ (ಸಂಬಳ ಏರಿಕೆ) ಆಗಿದ್ದರೆ ಅದರ ಪತ್ರ. ಇವೆಲ್ಲಕ್ಕಿಂತ ಮುಖ್ಯವಾಗಿ, ನಿಮ್ಮ ಪೇರೋಲ್ ಪೋರ್ಟಲ್‌ನಲ್ಲಿರುವ ತೆರಿಗೆ ಲೆಕ್ಕದ ಹಾಳೆ. ಕೆಲವು ಸಾಫ್ಟ್‌ವೇರ್‌ಗಳಲ್ಲಿ ಇದನ್ನು ಐಟಿ ಸ್ಟೇಟ್‌ಮೆಂಟ್ ಅನ್ನುತ್ತಾರೆ, ಕೆಲವದರಲ್ಲಿ ಟ್ಯಾಕ್ಸ್ ಶೀಟ್. ಪೇಸ್ಲಿಪ್‌ನಲ್ಲಿ ಕಾಣುವುದು ಕೊನೆಯ ಉತ್ತರ ಮಾತ್ರ, ಆ ಉತ್ತರ ಹೇಗೆ ಬಂತು ಅನ್ನುವುದು ಈ ಹಾಳೆಯಲ್ಲಿದೆ. ಎಷ್ಟೋ ಜನ ಇದನ್ನು ಒಮ್ಮೆಯೂ ತೆರೆದು ನೋಡಿರುವುದಿಲ್ಲ.

ಈ ವರ್ಷ ಕೆಲಸ ಬದಲಾಯಿಸಿದ್ದರೆ ಹಳೇ ಕಂಪನಿಯ ಸಂಬಳ, ಟಿಡಿಎಸ್ ವಿವರವೂ ಜೊತೆಗಿರಲಿ.

## ಹಂತ 2: ವರ್ಷದ ಒಟ್ಟು ಸಂಬಳ ಬರೆಯಿರಿ

ಎರಡು ಭಾಗ ಮಾಡಿ. ಏಪ್ರಿಲ್‌ನಿಂದ ಇಲ್ಲಿಯವರೆಗೆ ನಿಜವಾಗಿ ಬಂದದ್ದು ಒಂದು, ಮುಂದಿನ ಮಾರ್ಚ್‌ವರೆಗೆ ಬರಲಿರುವುದು ಇನ್ನೊಂದು. ಎರಡನೆಯದು ಅಂದಾಜು. ಈ ತಿಂಗಳ ಮಾಮೂಲಿ ಸಂಬಳವನ್ನು ಉಳಿದ ತಿಂಗಳುಗಳಿಂದ ಗುಣಿಸಿದರೆ ಸಿಗುತ್ತದೆ.

ತಿಂಗಳಿಗೆ 1,25,000 ಗ್ರಾಸ್ (ಯಾವ ಕಡಿತವೂ ಆಗುವ ಮೊದಲಿನ) ಸಂಬಳದ ಒಬ್ಬರನ್ನು ತೆಗೆದುಕೊಳ್ಳೋಣ. ವರ್ಷಕ್ಕೆ 15,00,000. ಮುಂದೆಲ್ಲ ಇವರದೇ ಲೆಕ್ಕ.

ಇಲ್ಲಿ ಎರಡು ತಪ್ಪು ಮತ್ತೆ ಮತ್ತೆ ಆಗುತ್ತದೆ. ಮೊದಲನೆಯದು, ಆಫರ್ ಲೆಟರ್‌ನಲ್ಲಿರುವ ಸಿಟಿಸಿಯಿಂದ (ನಿಮಗಾಗಿ ಕಂಪನಿ ಮಾಡುವ ಒಟ್ಟು ಖರ್ಚು) ಶುರು ಮಾಡುವುದು. ಸಿಟಿಸಿಯಲ್ಲಿ ಕಂಪನಿ ಕಟ್ಟುವ ಪಿಎಫ್ ಇರುತ್ತದೆ, ಗ್ರಾಚುಟಿ ಇರುತ್ತದೆ. ಅವು ತಿಂಗಳ ಗ್ರಾಸ್‌ನಲ್ಲಿ ಇಲ್ಲ. ಪೇಸ್ಲಿಪ್‌ನ ಎಡಬದಿಯ ಗ್ರಾಸ್ ಮೊತ್ತವನ್ನೇ ತೆಗೆದುಕೊಳ್ಳಿ. ಎರಡನೆಯದು, ನಿಮ್ಮ ಪಾಲಿನ ಪಿಎಫ್ ಮತ್ತು ವೃತ್ತಿ ತೆರಿಗೆಯನ್ನು ಕಳೆದು ಲೆಕ್ಕ ಹಾಕುವುದು. ಹೊಸ ಪದ್ಧತಿಯಲ್ಲಿ ಎರಡಕ್ಕೂ ವಿನಾಯಿತಿ ಇಲ್ಲ. ಕರ್ನಾಟಕದಲ್ಲಿ ತಿಂಗಳಿಗೆ 200, ಫೆಬ್ರವರಿಯಲ್ಲಿ 300 ವೃತ್ತಿ ತೆರಿಗೆ ಕಟ್ ಆಗುತ್ತದಲ್ವಾ, ಅದು ಕೈಗೆ ಬರುವ ಹಣವನ್ನು ಕಮ್ಮಿ ಮಾಡುತ್ತದೆ ಅಷ್ಟೇ, ಆದಾಯ ತೆರಿಗೆಯನ್ನಲ್ಲ.

## ಹಂತ 3: ವರ್ಷದ ತೆರಿಗೆ ಹಾಕಿ

ಒಟ್ಟಿನಿಂದ ಸ್ಟ್ಯಾಂಡರ್ಡ್ ಡಿಡಕ್ಷನ್ (ಸಂಬಳದವರಿಗೆ ಸಿಗುವ ನಿಗದಿತ ಕಡಿತ) 75,000 ಕಳೆಯಿರಿ. ಉಳಿದದ್ದು 14,25,000. ಈಗ ಸ್ಲ್ಯಾಬ್‌ಗಳು, ಅಂದರೆ ಆದಾಯದ ಮೆಟ್ಟಿಲುಗಳು ಮತ್ತು ಒಂದೊಂದರ ದರ:

4 ಲಕ್ಷದವರೆಗೆ ಏನೂ ಇಲ್ಲ
4ರಿಂದ 8 ಲಕ್ಷ: 5%
8ರಿಂದ 12 ಲಕ್ಷ: 10%
12ರಿಂದ 16 ಲಕ್ಷ: 15%
16ರಿಂದ 20 ಲಕ್ಷ: 20%
20ರಿಂದ 24 ಲಕ್ಷ: 25%
24 ಲಕ್ಷದ ಮೇಲೆ: 30%

ಮೊದಲ ಎರಡು ಮೆಟ್ಟಿಲಿಗೆ 20,000 ಮತ್ತು 40,000. ಆಮೇಲೆ 2,25,000ದ ಮೇಲೆ 15%, ಅಂದರೆ 33,750. ಒಟ್ಟು 93,750. ಇದರ ಮೇಲೆ 4% ಸೆಸ್ (ತೆರಿಗೆಯ ಮೇಲೆ ಬೀಳುವ ಹೆಚ್ಚುವರಿ ತೆರಿಗೆ) 3,750. ವರ್ಷದ ತೆರಿಗೆ 97,500.

ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 8,125. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಇವರ ಪೇಸ್ಲಿಪ್‌ನಲ್ಲಿ ಇದೇ ಮೊತ್ತ ಇರಬೇಕು. ನಿಮ್ಮದನ್ನು ಮೊದಲು ಇಲ್ಲಿಯವರೆಗೆ ತಾಳೆ ಮಾಡಿ. ಬೋನಸ್ ಇಲ್ಲದ ತಿಂಗಳೇ ತಾಳೆ ಆಗದಿದ್ದರೆ ಮುಂದೆ ಹೋಗಿ ಪ್ರಯೋಜನ ಇಲ್ಲ. ನೀವು ಹಳೇ ಪದ್ಧತಿ ಆರಿಸಿಕೊಂಡಿದ್ದು ಮರೆತಿರಬಹುದು, ಅಥವಾ ಬರಲಿರುವ ಬೋನಸ್ ಅನ್ನು ಕಂಪನಿ ಏಪ್ರಿಲ್‌ನಲ್ಲೇ ಅಂದಾಜಿಗೆ ಸೇರಿಸಿರಬಹುದು. ಎರಡೂ ಆ ಹಾಳೆಯಲ್ಲೇ ಕಾಣುತ್ತವೆ.

## ಹಂತ 4: ಈಗ ಬೋನಸ್ ಸೇರಿಸಿ

ಅಕ್ಟೋಬರ್‌ನಲ್ಲಿ 2,00,000 ಬೋನಸ್ ಬಂತು ಅನ್ನಿ. ವರ್ಷದ ಒಟ್ಟು 17,00,000. ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದು 16,25,000. ತೆರಿಗೆ 20,000 + 40,000 + 60,000, ಕೊನೆಯ 25,000ಕ್ಕೆ 20%ನಂತೆ 5,000. ಒಟ್ಟು 1,25,000. ಸೆಸ್ 5,000 ಸೇರಿ 1,30,000.

ಮೊದಲು 97,500 ಇತ್ತು, ಈಗ 1,30,000. ವ್ಯತ್ಯಾಸ 32,500. ಬೋನಸ್‌ನಿಂದ ಬಂದ ತೆರಿಗೆ ಇಷ್ಟೇ. ಬೋನಸ್‌ನ ಬಹುಭಾಗ 15%ರ ಮೆಟ್ಟಿಲಲ್ಲೇ ಬಿದ್ದಿದೆ, ತುದಿಯ 25,000 ಮಾತ್ರ 20%ಕ್ಕೆ ಹತ್ತಿದೆ. "ಸ್ಲ್ಯಾಬ್ ದಾಟಿದರೆ ಇಡೀ ಸಂಬಳಕ್ಕೆ ಹೊಸ ದರ" ಅಂತ ನಂಬಿ ಬೋನಸ್ ಮುಂದಕ್ಕೆ ಹಾಕಿಸಿಕೊಳ್ಳಲು ಓಡಾಡಿದವರನ್ನು ನಾನು ಕಂಡಿದ್ದೇನೆ. ಹಾಗಿಲ್ಲ, ದಾಟಿದ ಭಾಗಕ್ಕೆ ಮಾತ್ರ ಹೊಸ ದರ.

ಸೆಪ್ಟೆಂಬರ್‌ವರೆಗೆ ಆರು ತಿಂಗಳಲ್ಲಿ ಹಿಡಿದದ್ದು 48,750. ಇನ್ನು ಹಿಡಿಯಬೇಕಾದದ್ದು 81,250. ಇದನ್ನು ಹಂಚಲು ಸಾಫ್ಟ್‌ವೇರ್‌ಗಳಲ್ಲಿ ಎರಡು ದಾರಿ ಇದೆ, ಗೊಂದಲದ ಮೂಲವೂ ಅದೇ.

ಒಂದು, ಉಳಿದ ಆರು ತಿಂಗಳಿಗೂ ಸಮನಾಗಿ ಹಂಚುವುದು. ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ತಿಂಗಳಿಗೆ ಸುಮಾರು 13,542. ಬೋನಸ್ ತಿಂಗಳು ಕೈತುಂಬ ಬರುತ್ತದೆ, ಆಮೇಲೆ ಐದು ತಿಂಗಳು ಮಾಮೂಲಿಗಿಂತ 5,417 ಕಮ್ಮಿ. "ಬೋನಸ್ ಆದಮೇಲೆ ನನ್ನ ಸಂಬಳ ಯಾಕೆ ಇಳಿಯಿತು" ಅಂತ ಡಿಸೆಂಬರ್‌ನಲ್ಲಿ ಬರೆಯುವವರು ಈ ಗುಂಪಿನವರು.

ಎರಡು, ಬೋನಸ್‌ನ ತೆರಿಗೆಯನ್ನು ಬೋನಸ್ ತಿಂಗಳಲ್ಲೇ ಪೂರ್ತಿ ಹಿಡಿಯುವುದು. ಅಕ್ಟೋಬರ್‌ನಲ್ಲಿ 8,125 + 32,500, ಅಂದರೆ 40,625. ನವೆಂಬರ್‌ನಿಂದ ಮತ್ತೆ 8,125. ಪೇಸ್ಲಿಪ್‌ನಲ್ಲಿ 40,625 ಕಂಡಾಗ ಎದೆ ಧಸಕ್ ಅನ್ನುತ್ತದೆ, ನಿಜ. ಆದರೆ ವರ್ಷದ ಕೊನೆಗೆ ಎರಡೂ ದಾರಿಯಲ್ಲಿ ಮೊತ್ತ 1,30,000.

ನನ್ನನ್ನು ಕೇಳಿದರೆ ಎರಡನೆಯದೇ ಒಳ್ಳೆಯದು. ಹಣ ಕೈಯಲ್ಲಿದ್ದಾಗಲೇ ತೆರಿಗೆ ತೀರಿಹೋಗುತ್ತದೆ, ಜನವರಿಯಲ್ಲಿ ಸ್ಕೂಲ್ ಫೀಸು ಕಟ್ಟುವಾಗ ಸಂಬಳ ಕಮ್ಮಿ ಬರುವುದಿಲ್ಲ. ಬೋನಸ್ ಪಡೆದು ಡಿಸೆಂಬರ್‌ನಲ್ಲಿ ಕೆಲಸ ಬಿಡುವವರಿಗಂತೂ ಇದು ಸಲೀಸು, ಕೊನೆಯ ಲೆಕ್ಕ ತೀರಿಸುವಾಗ ಬಾಕಿ ಉಳಿಯುವುದಿಲ್ಲ. ನಿಮ್ಮ ಕಂಪನಿಯಲ್ಲಿ ಯಾವ ದಾರಿ ಅನ್ನುವುದನ್ನು ಬೋನಸ್ ಬರುವ ಮೊದಲೇ ಕೇಳಿಟ್ಟುಕೊಳ್ಳಿ.

## ಹಂತ 5: ಇನ್‌ಕ್ರಿಮೆಂಟ್ ಮತ್ತು ಅರಿಯರ್ಸ್

ಇಲ್ಲಿ ನಿಧಾನವಾಗಿ ಹೋಗೋಣ, ಯಾಕೆಂದರೆ ಬೋನಸ್‌ಗಿಂತ ಜಾಸ್ತಿ ತಪ್ಪು ಇಲ್ಲೇ ಆಗುತ್ತದೆ.

ಅದೇ ವ್ಯಕ್ತಿಗೆ ಬೋನಸ್ ಇಲ್ಲ, 10% ಹೈಕ್ ಸಿಕ್ಕಿತು. ತಿಂಗಳಿಗೆ 12,500. ಪತ್ರ ಕೈಗೆ ಬಂದದ್ದು ಅಕ್ಟೋಬರ್‌ನಲ್ಲಿ, ಜಾರಿ ಜುಲೈಯಿಂದ. ಹಾಗಾಗಿ ಅಕ್ಟೋಬರ್ ಸಂಬಳದ ಜೊತೆ ಮೂರು ತಿಂಗಳ ಅರಿಯರ್ಸ್ (ಹಿಂದಿನ ಬಾಕಿ) 37,500.

ವರ್ಷದ ಲೆಕ್ಕ: ಮೊದಲ ಮೂರು ತಿಂಗಳು 1,25,000ದಂತೆ 3,75,000. ಉಳಿದ ಒಂಬತ್ತು ತಿಂಗಳು 1,37,500ರಂತೆ 12,37,500. ಒಟ್ಟು 16,12,500. ಡಿಡಕ್ಷನ್ ಕಳೆದು 15,37,500. ತೆರಿಗೆ 1,10,625, ಸೆಸ್ ಸೇರಿ 1,15,050. ಹಿಡಿದಾಗಿರುವ 48,750 ಕಳೆದರೆ 66,300. ಆರು ತಿಂಗಳಿಗೆ ಹಂಚಿದರೆ 11,050.

ಮೊದಲು 8,125 ಇತ್ತು, ಈಗ 11,050. ಹೆಚ್ಚಾದದ್ದು 2,925. ಇದನ್ನು 12,500ಕ್ಕೆ ಹೋಲಿಸಿದರೆ 23.4% ಆಗುತ್ತದೆ. ಇವರ ಸ್ಲ್ಯಾಬ್ ಸೆಸ್ ಸೇರಿ 15.6% ಮಾತ್ರ. "ಜಾಸ್ತಿ ಹಿಡಿದಿದ್ದಾರೆ" ಅನ್ನುವ ದೂರು ಹುಟ್ಟುವುದು ಇಲ್ಲಿ.

ಬಿಡಿಸಿ ನೋಡಿ. 12,500ರ 15.6% ಅಂದರೆ 1,950. ಇದು ಹೈಕ್‌ನ ತಿಂಗಳ ತೆರಿಗೆ. ಅರಿಯರ್ಸ್ 37,500ಕ್ಕೆ ತೆರಿಗೆ 5,850, ಆರು ತಿಂಗಳಿಗೆ ಹಂಚಿದರೆ 975. ಎರಡೂ ಕೂಡಿದರೆ 2,925. ಅಕ್ಟೋಬರ್‌ನಲ್ಲಿ ಅರಿಯರ್ಸ್ ತಗೊಂಡು ಮರೆತಿರುತ್ತೀರಿ, ಅದರ ತೆರಿಗೆ ಮಾರ್ಚ್‌ವರೆಗೆ ಸ್ವಲ್ಪ ಸ್ವಲ್ಪವೇ ಹೋಗುತ್ತಿರುತ್ತದೆ. ಇದರ ಜೊತೆ ಬೇಸಿಕ್ (ಮೂಲ ವೇತನ) ಏರಿದ್ದರಿಂದ ಪಿಎಫ್ ಕೂಡ ಏರುತ್ತದೆ. ಹೈಕ್‌ನ ಅರ್ಧ, ಅಂದರೆ 6,250, ಬೇಸಿಕ್‌ಗೆ ಹೋಗಿ, ಪೂರ್ತಿ ಬೇಸಿಕ್ ಮೇಲೆ 12% ಪಿಎಫ್ ಕಟ್ ಆಗುವ ಕಡೆ 750 ಜಾಸ್ತಿ ಹೋಗುತ್ತದೆ. 12,500ರಲ್ಲಿ 2,925 ಮತ್ತು 750 ಹೋದರೆ 8,825. ಮೇಲೆ ಕೇಳಿದ್ದ ಪ್ರಶ್ನೆಗೆ ಉತ್ತರ ಇದು. ಆ 750 ನಿಮ್ಮ ಪಿಎಫ್ ಖಾತೆಯಲ್ಲೇ ಇದೆ.

ಮುಂದಿನ ಏಪ್ರಿಲ್‌ನಲ್ಲಿ ಅರಿಯರ್ಸ್ ಭಾರ ಇರುವುದಿಲ್ಲ. 16,50,000ದ ಮೇಲೆ, ಇದೇ ಸ್ಲ್ಯಾಬ್‌ಗಳಲ್ಲಿ, ತಿಂಗಳಿಗೆ 10,075 ಬರುತ್ತದೆ. ಸಂಬಳ ಏರದೇ ಟಿಡಿಎಸ್ ಇಳಿದರೆ ಗಾಬರಿ ಬೇಡ.

ಅರಿಯರ್ಸ್ ಹಿಂದಿನ ಹಣಕಾಸು ವರ್ಷದ್ದಾಗಿದ್ದರೆ ವಿಷಯ ಬೇರೆ. ಜನವರಿಯಿಂದ ಜಾರಿಯಾದ ಹೈಕ್‌ನ ಹಣ ಜೂನ್‌ನಲ್ಲಿ ಬಂತು ಅಂದರೆ, ಜನವರಿಯಿಂದ ಮಾರ್ಚ್‌ವರೆಗಿನ ಪಾಲು ಹಳೇ ವರ್ಷದ್ದು. ಹಣ ಈ ವರ್ಷ ಬಂದದ್ದರಿಂದ ಈ ವರ್ಷವೇ ತೆರಿಗೆ. ಆದರೆ ಅದರಿಂದ ನಿಮ್ಮ ತೆರಿಗೆ ಜಾಸ್ತಿ ಆಗಿದ್ದರೆ ಸೆಕ್ಷನ್ 89ರ ಪರಿಹಾರ ಕೇಳಬಹುದು. ಅದಕ್ಕೆ ಇಲಾಖೆಯ ಪೋರ್ಟಲ್‌ನಲ್ಲಿ ಫಾರ್ಮ್ 10ಇ ತುಂಬಬೇಕು, ರಿಟರ್ನ್ ಸಲ್ಲಿಸುವ ಮೊದಲೇ. ಫಾರ್ಮ್ ಬಿಟ್ಟು ರಿಟರ್ನ್‌ನಲ್ಲಿ ಮಾತ್ರ ಪರಿಹಾರ ಹಾಕಿಕೊಂಡರೆ ಒಪ್ಪುವುದಿಲ್ಲ.

## ಹಂತ 6: 12 ಲಕ್ಷದ ಗೆರೆ ಹತ್ತಿರ ಇದ್ದೀರಾ? ಇದನ್ನು ಬಿಡಬೇಡಿ

ನನಗೆ ತುಂಬ ಸಂಕಟ ಆಗುವುದು ಈ ಗೆರೆಯ ಮೇಲಿರುವವರ ಪೇಸ್ಲಿಪ್ ನೋಡಿದಾಗ. ಹೊಸ ಪದ್ಧತಿಯಲ್ಲಿ ತೆರಿಗೆ ಬೀಳುವ ಆದಾಯ 12 ಲಕ್ಷದೊಳಗಿದ್ದರೆ ರಿಬೇಟ್ (ತೆರಿಗೆ ರಿಯಾಯಿತಿ) ಸಿಕ್ಕಿ ತೆರಿಗೆ ಸೊನ್ನೆ. ಸಂಬಳದವರಿಗೆ ಸ್ಟ್ಯಾಂಡರ್ಡ್ ಡಿಡಕ್ಷನ್ ಸೇರಿ 12,75,000ದವರೆಗೆ.

ತಿಂಗಳಿಗೆ 1,05,000 ಬರುವವರನ್ನು ನೋಡಿ. ವರ್ಷಕ್ಕೆ 12,60,000, ತೆರಿಗೆ ಬೀಳುವುದು 11,85,000. ವರ್ಷವಿಡೀ ಟಿಡಿಎಸ್ ಸೊನ್ನೆ. ಈಗ 50,000 ಬೋನಸ್ ಬಂತು. ಆದಾಯ 12,35,000 ಆಯಿತು, ರಿಬೇಟ್ ಹೋಯಿತು. ಸ್ಲ್ಯಾಬ್ ಪ್ರಕಾರ ತೆರಿಗೆ 65,250. ಬೋನಸ್‌ಗಿಂತ ತೆರಿಗೆಯೇ ದೊಡ್ಡದು!

ಹೀಗಾಗಬಾರದು ಅಂತಲೇ ಮಾರ್ಜಿನಲ್ ರಿಲೀಫ್ ಇದೆ. 12 ಲಕ್ಷದ ಮೇಲೆ ಎಷ್ಟು ಆದಾಯ ಹೋಯಿತೋ ತೆರಿಗೆ ಅದಕ್ಕಿಂತ ಜಾಸ್ತಿ ಇರುವಂತಿಲ್ಲ. ಇಲ್ಲಿ 35,000 ಹೋಗಿದೆ, ಆದ್ದರಿಂದ ತೆರಿಗೆ 35,000, ಸೆಸ್ 1,400 ಸೇರಿ 36,400. ಆದರೂ 50,000 ಬೋನಸ್‌ನಲ್ಲಿ ಕೈಗೆ 13,600 ಮಾತ್ರ. ಇದು ಸಾಫ್ಟ್‌ವೇರ್ ತಪ್ಪಲ್ಲ, ನಿಯಮವೇ ಹಾಗಿದೆ. ಆದರೆ ನಿಮ್ಮ ಹಾಳೆಯಲ್ಲಿ 67,860 ಅಂತ ಕಂಡರೆ ಅದು ಖಂಡಿತ ತಪ್ಪು, ಮಾರ್ಜಿನಲ್ ರಿಲೀಫ್ ಹಾಕಿಲ್ಲ. ತೆರಿಗೆ ಬೀಳುವ ಆದಾಯ ಸುಮಾರು 12,70,000ದವರೆಗೆ ಇರುವ ಎಲ್ಲರೂ ಈ ಸಾಲನ್ನು ಹುಡುಕಿ ನೋಡಿ.

ದಾರಿ ಒಂದಿದೆ, ಆದರೆ ಬೋನಸ್ ಬರುವ ಮೊದಲೇ ಮಾಡಬೇಕು. ಕಂಪನಿ ಕಡೆಯಿಂದ ಎನ್‌ಪಿಎಸ್‌ಗೆ (ರಾಷ್ಟ್ರೀಯ ಪಿಂಚಣಿ ಯೋಜನೆ) ಹಣ ಕಟ್ಟುವ ವ್ಯವಸ್ಥೆ ಇದ್ದರೆ, ಹೊಸ ಪದ್ಧತಿಯಲ್ಲೂ ಬೇಸಿಕ್ ಮತ್ತು ಡಿಎಯ (ತುಟ್ಟಿಭತ್ಯೆ) 14%ವರೆಗೆ ಅದಕ್ಕೆ ವಿನಾಯಿತಿ ಇದೆ. ಸಂಬಳದ ರಚನೆಯಲ್ಲಿ 35,000 ಆ ಕಡೆ ತಿರುಗಿಸಿದರೆ ಮೇಲಿನವರ ಆದಾಯ ಮತ್ತೆ 12 ಲಕ್ಷಕ್ಕೆ ಬಂದು ತೆರಿಗೆ ಸೊನ್ನೆ. ನೀವೇ ಬ್ಯಾಂಕಿನಿಂದ ಎನ್‌ಪಿಎಸ್‌ಗೆ ಹಾಕಿದರೆ ಹೊಸ ಪದ್ಧತಿಯಲ್ಲಿ ಲೆಕ್ಕಕ್ಕಿಲ್ಲ. ಆ ಹಣ ನಿವೃತ್ತಿವರೆಗೆ ಸುಲಭವಾಗಿ ಕೈಗೆ ಸಿಗುವುದಿಲ್ಲ ಅನ್ನುವುದನ್ನೂ ಯೋಚಿಸಿ.

## ಹಂತ 7: ತಪ್ಪು ಆಗಿದೆಯಾ? ಈ ಗುರುತುಗಳನ್ನು ಹುಡುಕಿ

ವರ್ಷದ ಒಟ್ಟು ಸಂಬಳವೇ ಊದಿಕೊಂಡಿದೆ. ನಾನು ಕಂಡ ತಪ್ಪುಗಳಲ್ಲಿ ಇದೇ ಮೊದಲು. ಬೋನಸ್ ಅನ್ನು ಒಂದು ಸಲದ ಪಾವತಿ ಅಂತ ಹಾಕುವ ಬದಲು ತಿಂಗಳ ಭತ್ಯೆಯ ಕಾಲಂನಲ್ಲಿ ಹಾಕಿರುತ್ತಾರೆ. ಸಾಫ್ಟ್‌ವೇರ್ ಪಾಪ ಹೇಳಿದಂತೆ ಕೇಳುತ್ತದೆ, ಮಾರ್ಚ್‌ವರೆಗೆ ಪ್ರತಿ ತಿಂಗಳೂ 2 ಲಕ್ಷ ಬರುತ್ತದೆ ಅಂದುಕೊಳ್ಳುತ್ತದೆ. ನಮ್ಮ ಉದಾಹರಣೆಯಲ್ಲಿ ವರ್ಷದ ಒಟ್ಟು 17 ಲಕ್ಷದ ಬದಲು 27 ಲಕ್ಷ, ತೆರಿಗೆ 3,82,200, ಅಕ್ಟೋಬರ್ ಟಿಡಿಎಸ್ 55,575. ಒಮ್ಮೆ ನಾನೇ ಇನ್‌ಪುಟ್ ಶೀಟ್‌ನಲ್ಲಿ ಒಬ್ಬರ ಬೋನಸ್ ಅನ್ನು ಪಕ್ಕದ ಕಾಲಂಗೆ ಹಾಕಿಬಿಟ್ಟಿದ್ದೆ. ಅವರು ಹಾಳೆಯ ಪ್ರಿಂಟ್ ಹಿಡಿದು ಬಂದು, ಒಟ್ಟು ಮೊತ್ತದ ಕೆಳಗೆ ಪೆನ್ನಿನಲ್ಲಿ ಗೆರೆ ಎಳೆದು ತೋರಿಸಿದರು. ಎರಡು ನಿಮಿಷದಲ್ಲಿ ತಪ್ಪು ಸಿಕ್ಕಿತು. "ಟ್ಯಾಕ್ಸ್ ಜಾಸ್ತಿ" ಅಂತಷ್ಟೇ ಬರೆದಿದ್ದರೆ ಎರಡು ದಿನ ಹುಡುಕಬೇಕಿತ್ತು. ಅರಿಯರ್ಸ್‌ನಲ್ಲೂ ಇದೇ ತಪ್ಪು ಆಗುತ್ತದೆ.

ಕೆಲಸ ಬದಲಾಯಿಸಿದ್ದೀರಿ, ಟಿಡಿಎಸ್ ಸೊನ್ನೆ. ಇದು ಖುಷಿಪಡುವ ವಿಷಯ ಅಲ್ಲ. ಆರು ತಿಂಗಳು ಹಳೇ ಕಡೆ 1,00,000, ಆರು ತಿಂಗಳು ಹೊಸ ಕಡೆ 1,50,000. ಹಳೇ ಕಂಪನಿ ವರ್ಷಕ್ಕೆ 12 ಲಕ್ಷ ಅಂತ ಅಂದಾಜು ಹಾಕಿ ಏನೂ ಹಿಡಿಯಲಿಲ್ಲ. ಹೊಸ ಕಂಪನಿಗೆ ಕಾಣುವುದು ತನ್ನ 9 ಲಕ್ಷ ಮಾತ್ರ, ಅದೂ ಹಿಡಿಯಲಿಲ್ಲ. ನಿಜವಾದ ಆದಾಯ 15 ಲಕ್ಷ, ತೆರಿಗೆ 97,500, ಪೂರ್ತಿ ಬಾಕಿ, ಮೇಲೆ ಬಡ್ಡಿ ಬೇರೆ. ಸೇರಿದ ತಿಂಗಳೇ ಫಾರ್ಮ್ 12ಬಿಯಲ್ಲಿ ಹಳೇ ಸಂಬಳದ ವಿವರ ಕೊಡಿ.

ಜನವರಿಯಿಂದ ಟಿಡಿಎಸ್ ದಿಢೀರನೆ ಏರಿದೆ. ಹಳೇ ಪದ್ಧತಿಯಲ್ಲಿ ಇರುವವರಿಗೆ. ಏಪ್ರಿಲ್‌ನಲ್ಲಿ ಬಾಡಿಗೆ, ಎಲ್‌ಐಸಿ ಅಂತ ಘೋಷಿಸಿದ್ದಕ್ಕೆ ರಸೀದಿ ಕೊಟ್ಟಿಲ್ಲ. ಬೋನಸ್‌ಗೂ ಇದಕ್ಕೂ ಸಂಬಂಧ ಇಲ್ಲ.

ಬೋನಸ್‌ನಲ್ಲಿ ಪಿಎಫ್ ಕಟ್ ಆಗಿದೆ. ಸಾಮಾನ್ಯವಾಗಿ ಬೋನಸ್ ಮೇಲೆ ಪಿಎಫ್ ಇಲ್ಲ. ಕಟ್ ಆಗಿದ್ದರೆ ಅದನ್ನೂ ತಪ್ಪು ಕಾಲಂನಲ್ಲಿ ಹಾಕಿದ್ದಾರೆ ಅಂತಲೇ ಲೆಕ್ಕ.

ಸರಿಯಾಗಿ 20% ಹಿಡಿದಿದ್ದಾರೆ, ನಿಮ್ಮ ಸಂಬಳ ಅಷ್ಟಿಲ್ಲ. ಪ್ಯಾನ್ ನಂಬರ್ ಕೊಟ್ಟಿದ್ದೀರಾ, ಸರಿಯಾಗಿ ನಮೂದಾಗಿದೆಯಾ ನೋಡಿ. ಪ್ಯಾನ್ ಇಲ್ಲದಿದ್ದರೆ ಹೆಚ್ಚಿನ ದರ.

## ಹಂತ 8: ಪೇರೋಲ್‌ನವರಿಗೆ ಬರೆಯುವುದು ಹೇಗೆ, ಯಾವಾಗ

ತಪ್ಪು ಸಿಕ್ಕಿದರೆ ಆ ತಿಂಗಳೇ ಬರೆಯಿರಿ. ಹೆಚ್ಚು ಹಿಡಿದದ್ದನ್ನು ಅದೇ ವರ್ಷದ ಮುಂದಿನ ತಿಂಗಳುಗಳಲ್ಲಿ ಕಮ್ಮಿ ಹಿಡಿದು ಸರಿಮಾಡಲು ಕಾಯ್ದೆಯಲ್ಲೇ ಅವಕಾಶ ಇದೆ. ಅಕ್ಟೋಬರ್ ತಪ್ಪಿಗೆ ಐದು ತಿಂಗಳ ಸಮಯ ಸಿಗುತ್ತದೆ. ಮಾರ್ಚ್ ಸಂಬಳ ಲಾಕ್ ಆದಮೇಲೆ ನಮ್ಮ ಕೈಯಲ್ಲಿ ಏನೂ ಇರುವುದಿಲ್ಲ, ನೀವು ರಿಟರ್ನ್ ಹಾಕಿ ರೀಫಂಡ್ ಕಾಯಬೇಕು. ಹಿಡಿದ ಟಿಡಿಎಸ್ ಅನ್ನು ಕಂಪನಿ ಮುಂದಿನ ತಿಂಗಳ 7ರೊಳಗೆ ಸರ್ಕಾರಕ್ಕೆ ಕಟ್ಟಿಬಿಡುತ್ತದೆ. ಅದಕ್ಕೇ "ಆ ಹಣ ವಾಪಸ್ ಹಾಕಿ" ಅಂದರೆ ಆಗುವುದಿಲ್ಲ, "ಮುಂದಿನ ತಿಂಗಳು ಹೊಂದಿಸಿ" ಅಂತ ಕೇಳಿ.

ಮೇಲ್‌ನಲ್ಲಿ ಇಷ್ಟಿರಲಿ: "ನನ್ನ ಲೆಕ್ಕದಲ್ಲಿ ವರ್ಷದ ಒಟ್ಟು 17,00,000, ನಿಮ್ಮ ಹಾಳೆಯಲ್ಲಿ 27,00,000 ಇದೆ. ಬೋನಸ್ 2,00,000 ಒಂದೇ ಸಲದ್ದು. ಹಾಳೆ ಲಗತ್ತಿಸಿದ್ದೇನೆ." ಎಲ್ಲಿ ಬೇರೆಯಾಗಿದೆ ಅನ್ನುವ ಆ ಒಂದು ಸಾಲು ಇದ್ದರೆ ಕೆಲಸ ಬೇಗ ಆಗುತ್ತದೆ. ತಿಂಗಳ ಇನ್‌ಪುಟ್ ನಿಲ್ಲುವ ತಾರೀಖು ಕಂಪನಿಯಿಂದ ಕಂಪನಿಗೆ ಬೇರೆ, 20ರ ಆಸುಪಾಸು ಇದ್ದೀತು, ಕೇಳಿಕೊಂಡು ಅದಕ್ಕಿಂತ ಮುಂಚೆ ಕಳಿಸಿ.

ಸರಿಮಾಡಿದೆವು ಅಂದಮೇಲೂ ಮುಂದಿನ ತಿಂಗಳ ಹಾಳೆ ತೆರೆದು, ಒಟ್ಟು ಸಂಬಳ ಮತ್ತು ಇಲ್ಲಿಯವರೆಗೆ ಹಿಡಿದ ಟಿಡಿಎಸ್, ಈ ಎರಡು ಸಾಲು ನೋಡಿ. ಜೂನ್ 15ರ ಹೊತ್ತಿಗೆ ಫಾರ್ಮ್ 16 (ಕಂಪನಿ ಕೊಡುವ ಟಿಡಿಎಸ್ ಪ್ರಮಾಣಪತ್ರ) ಕೈಗೆ ಬಂದಾಗ ಅದರಲ್ಲಿರುವ ಟಿಡಿಎಸ್ ಮೊತ್ತ, ತೆರಿಗೆ ಇಲಾಖೆಯ ಪೋರ್ಟಲ್‌ನ 26ಎಎಸ್‌ನಲ್ಲಿರುವ (ನಿಮ್ಮ ಹೆಸರಿಗೆ ಜಮೆಯಾದ ತೆರಿಗೆಯ ಪಟ್ಟಿ) ಮೊತ್ತ, ಮಾರ್ಚ್ ಪೇಸ್ಲಿಪ್‌ನಲ್ಲಿರುವ ವರ್ಷದ ಮೊತ್ತ, ಮೂರೂ ಒಂದೇ ಇರಬೇಕು. 26ಎಎಸ್‌ನಲ್ಲಿ ಕಮ್ಮಿ ಕಂಡರೆ ರಿಟರ್ನ್ ಹಾಕುವ ಮೊದಲೇ ಪೇರೋಲ್‌ಗೆ ತಿಳಿಸಿ, ತ್ರೈಮಾಸಿಕ ಟಿಡಿಎಸ್ ರಿಟರ್ನ್ ತಿದ್ದುವುದು ಕಂಪನಿಯ ಕೆಲಸ.